36ಕ್ಕೆ ಎಷ್ಟು ಬಂತು? ರಿಯಾಲಿಟಿ ಶೋ ಜೋಡಿಗಳ ಜಾತಕ, ನಮ್ಮ ಮನೆಯ ಸಾಲಾವಳಿ: ಲೆಕ್ಕ ನಡೆಯೋದು ಹೀಗೆ

ದೊಡ್ಡಬಳ್ಳಾಪುರ: ಬಿಗ್ ಬಾಸ್ ಶುರುವಾದ್ರೆ ನಮ್ಮೂರ ಟೀ ಅಂಗಡಿ ಮುಂದೆ ಎರಡು ಮಾತು ಗ್ಯಾರಂಟಿ. ಒಂದು, ಈ ವಾರ ಮನೆಯಿಂದ ಹೊರಗೆ ಹೋಗೋದು ಯಾರು. ಇನ್ನೊಂದು, ಆ ಹುಡುಗ ಆ ಹುಡುಗಿ ಮಧ್ಯೆ ಏನೋ ನಡೀತಿದೆ ಅಲ್ವಾ ಅಂತ. ಎರಡು ದಿನ ಕಳೆಯೋದ್ರೊಳಗೆ ಮೊಬೈಲಿಗೆ ವಿಡಿಯೊ ಬಂದುಬಿಡುತ್ತೆ. 'ಇವರಿಬ್ಬರ ಜಾತಕ ಕೂಡಿ ಬರುತ್ತಾ? 36ಕ್ಕೆ ಎಷ್ಟು ಗುಣ?' ನೋಡ್ತೀವಿ, ನಗ್ತೀವಿ, ಮುಂದಿನ ವಿಡಿಯೊಗೆ ಹೋಗ್ತೀವಿ.

ಅದೇ 36ರ ಲೆಕ್ಕ ನಮ್ಮ ಮನೆ ಮಕ್ಕಳ ವಿಷಯದಲ್ಲಿ ಬಂದಾಗ ಮಾತ್ರ ಯಾರೂ ನಗಲ್ಲ.

ನಮ್ಮ ಚಿಕ್ಕಮ್ಮನ ಮಗಳಿಗೆ, ಅಂದ್ರೆ ನನಗೆ ಅಕ್ಕ ಆಗಬೇಕು, ಒಂದು ಒಳ್ಳೆ ಸಂಬಂಧ ಬಂದಿತ್ತು. ಹುಡುಗ ದೇವನಹಳ್ಳಿ ಕಡೆಯವನು, ಕೆಲಸದಲ್ಲಿದ್ದ. ಎರಡು ಸಲ ಬಂದು ಮಾತಾಡಿಸಿಕೊಂಡು ಹೋಗಿದ್ರು, ಇಬ್ಬರಿಗೂ ಒಪ್ಪಿಗೆ ಇತ್ತು. ಆಮೇಲೆ ಹುಡುಗನ ಮನೆಯವರು ಮೊಬೈಲ್ ಆಪ್‌ನಲ್ಲಿ ಜಾತಕ ಹಾಕಿ ನೋಡಿದ್ರು. 15 ಬಂತು. ಚಿಕ್ಕಮ್ಮ ನಮ್ಮೂರ ಪುರೋಹಿತರ ಹತ್ರ ಪಂಚಾಂಗ ನೋಡಿಸಿದ್ರು. 25 ಬಂತು. ಹುಡುಗಿ ಅದೇ, ಹುಡುಗ ಅವನೇ. ಹತ್ತು ಗುಣ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅಂತ ಯಾರೂ ಕೇಳಲಿಲ್ಲ. 'ನಾಡಿದೋಷ ಇದೆಯಂತೆ' ಅಂತ ಒಂದು ಫೋನ್ ಬಂತು, ಸಂಬಂಧ ಅಲ್ಲಿಗೆ ಮುಗೀತು.

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು, ದೊಡ್ಡ ಪಂಡಿತನಲ್ಲ. ಆದ್ರೆ ಆ ಹತ್ತು ಗುಣ ಎಲ್ಲಿ ಹೋಯ್ತು ಅಂತ ತಿಳ್ಕೊಳ್ಳಲೇಬೇಕು ಅನ್ನಿಸ್ತು. ಪಂಚಾಂಗ ತೆಗೆದು ಕೂತೆ. ಕೂಡೋದು ಗುಣಿಸೋದು ಬಂದ್ರೆ ಸಾಕು, ಅಂಗಡಿ ಗಲ್ಲಾ ಮುಂದೆ ಕೂತೇ ಈ ಲೆಕ್ಕ ಮಾಡಬಹುದು.

ಏನಿದು 36 ಗುಣ?

ಹುಡುಗ ಹುಡುಗಿ ಹುಟ್ಟಿದಾಗ ಚಂದ್ರ ಯಾವ ನಕ್ಷತ್ರದಲ್ಲಿ, ಯಾವ ರಾಶಿಯಲ್ಲಿ ಇದ್ದ ಅನ್ನೋದಷ್ಟೇ ಈ ಲೆಕ್ಕಕ್ಕೆ ಬೇಕು. ಅದನ್ನಿಟ್ಟು ಎಂಟು ಕೂಟ ನೋಡ್ತಾರೆ. ಅಂಕಗಳು ಹೀಗಿವೆ:

ವರ್ಣ 1
ವಶ್ಯ 2
ತಾರೆ 3
ಯೋನಿ 4
ಗ್ರಹಮೈತ್ರಿ 5
ಗಣ 6
ರಾಶಿಕೂಟ (ಭಕೂಟ) 7
ನಾಡಿ 8

ಒಟ್ಟು 36. ಅರ್ಧ, ಅಂದ್ರೆ 18 ದಾಟಿದ್ರೆ ಪಾಸು ಅಂತ ರೂಢಿ. ನಮ್ಮ ಕಡೆ ಕೆಲವರು ಇದರ ಬದಲು ದಶಕೂಟ ನೋಡ್ತಾರೆ. ಅದರಲ್ಲಿ ರಜ್ಜು, ವೇಧೆ, ಸ್ತ್ರೀದೀರ್ಘ ಇವೆಲ್ಲ ಬರ್ತವೆ. ಕುಜದೋಷ ಈ 36ರ ಒಳಗೆ ಬರಲ್ಲ, ಅದನ್ನ ಬೇರೆಯಾಗಿ ನೋಡ್ತಾರೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಚಂದ್ರ ಒಂದು ಸುತ್ತು ಬರೋಕೆ ಸುಮಾರು 27 ದಿನ, ನಕ್ಷತ್ರಗಳೂ 27. ಅಂದ್ರೆ ಒಂದು ನಕ್ಷತ್ರದಲ್ಲಿ ಚಂದ್ರ ಹೆಚ್ಚುಕಮ್ಮಿ ಒಂದು ದಿನ ಇರ್ತಾನೆ. ನಮ್ಮ ದೇಶದಲ್ಲಿ ದಿನಕ್ಕೆ ಅರವತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹುಟ್ತವೆ. ಹೊಸಕೋಟೆ ಆಸ್ಪತ್ರೇಲಿ ಹುಟ್ಟಿದ ಮಗುಗೂ ಅದೇ ದಿನ ಅದೇ ನಕ್ಷತ್ರದಲ್ಲಿ ದೆಹಲಿಯಲ್ಲಿ ಹುಟ್ಟಿದ ಮಗುಗೂ 36ರ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸ ಇರಲ್ಲ. ಹುಡುಗ ಕುಡೀತಾನಾ, ಸಾಲ ಎಷ್ಟಿದೆ, ಹುಡುಗಿ ಮುಂದೆ ಓದಬೇಕು ಅಂತಾಳಾ, ಇದ್ಯಾವುದೂ ಈ ಲೆಕ್ಕದ ಒಳಗೆ ಬರೋದೇ ಇಲ್ಲ.

ಇನ್ನು ಅಕ್ಕನ ಹತ್ತು ಗುಣದ ಕಥೆ. ಅವಳು ಹುಟ್ಟಿದ ದಿನ ಬೆಳಗಿನ ಜಾವವೇ ನಕ್ಷತ್ರ ಬದಲಾಗಿತ್ತು. ಚಿಕ್ಕಮ್ಮ 'ಕೋಳಿ ಕೂಗೋ ಹೊತ್ತು' ಅಂತ ಹೇಳಿದ್ದನ್ನ ಆಪ್‌ಗೆ ಒಂದು ಟೈಮ್ ಮಾಡಿ ಹಾಕಿದ್ರು. ಪುರೋಹಿತರು ಆಸ್ಪತ್ರೆ ಚೀಟಿಯಲ್ಲಿದ್ದ ಟೈಮ್ ತಗೊಂಡ್ರು. ಅರ್ಧ ಗಂಟೆ ಹಿಂದೆ ಮುಂದೆ ಆಗಿದ್ದಕ್ಕೆ ನಕ್ಷತ್ರ ಬೇರೆ ಆಯ್ತು, ಅದರ ಜೊತೆ ನಾಡಿನೂ ಬೇರೆ ಆಯ್ತು. ನಾಡಿ ಒಂದಕ್ಕೇ 8 ಅಂಕ. ಉಳಿದ ಎರಡು ಬೇರೆ ಕೂಟದಲ್ಲಿ ಹೋಗಿತ್ತು.

ಟಿವಿ ಜೋಡಿಗೆ ಹಾಕಿ ನೋಡೋಣ

ಟಿವಿ ಜೋಡಿಗಳ ವಿಡಿಯೊ ಮಾಡೋರ ಹತ್ರ ಹುಟ್ಟಿದ ಸಮಯ ಇರೋದು ಅಪರೂಪ. ಇಂಟರ್ನೆಟ್ಟಲ್ಲಿ ಹುಟ್ಟಿದ ತಾರೀಖು ಸಿಗಬಹುದು, ಗಂಟೆ ನಿಮಿಷ ಸಿಗಲ್ಲ. ಆಗ ಉಳಿಯೋ ದಾರಿ ಹೆಸರುಬಲ. ಹೆಸರಿನ ಮೊದಲ ಅಕ್ಷರ ಇಟ್ಟು ನಕ್ಷತ್ರ ಹಿಡಿಯೋದು. ಜಾತಕ ಬರೆಸದ ನಮ್ಮ ಹಳ್ಳಿ ಮನೆಗಳಲ್ಲೂ 'ಹೆಸರುಬಲ ನೋಡ್ಸಿ' ಅನ್ನೋದು ಇದನ್ನೇ.

ಕನ್ನಡದ ರಿಯಾಲಿಟಿ ಶೋಗಳಿಂದ ಬಂದ ಜೋಡಿಗಳಲ್ಲಿ ಹೆಚ್ಚು ಸುದ್ದಿಯಾದದ್ದು ಚಂದನ್ ಶೆಟ್ಟಿ, ನಿವೇದಿತಾ ಗೌಡ ಜೋಡಿ. ಬಿಗ್ ಬಾಸ್ ಕನ್ನಡ 5ನೇ ಸೀಸನ್‌ನಲ್ಲಿ ಇಬ್ಬರೂ ಒಂದೇ ಮನೆಯಲ್ಲಿದ್ರು, 2018ರ ಜನವರಿಯಲ್ಲಿ ಚಂದನ್ ಗೆದ್ದರು. 2019ರ ಅಕ್ಟೋಬರ್‌ನಲ್ಲಿ ಮೈಸೂರಿನ ಯುವ ದಸರಾ ವೇದಿಕೆ ಮೇಲೇ ಮದುವೆ ಪ್ರಸ್ತಾಪ ಆಯ್ತು, ಸರ್ಕಾರಿ ವೇದಿಕೆ ಅಂತ ಗಲಾಟೆನೂ ಆಯ್ತು. 2020ರ ಫೆಬ್ರವರಿಯಲ್ಲಿ ಮೈಸೂರಲ್ಲಿ ಮದುವೆ. 2024ರ ಜೂನ್‌ನಲ್ಲಿ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ.

ಅವರ ನಿಜವಾದ ಜಾತಕ ನೋಡೋದು ನಮ್ಮ ಕೆಲಸ ಅಲ್ಲ. ಎಲ್ಲರಿಗೂ ಗೊತ್ತಿರೋ ಹೆಸರಿಟ್ಟು ಹೆಸರುಬಲದ ಲೆಕ್ಕ ಮಾತ್ರ ಮಾಡೋಣ. ಪಂಚಾಂಗದ ಪ್ರಕಾರ 'ಚ' ಅಕ್ಷರ ರೇವತಿ ನಕ್ಷತ್ರ, ಮೀನ ರಾಶಿ. 'ನಿ' ಅಕ್ಷರ ಅನೂರಾಧ ನಕ್ಷತ್ರ, ವೃಶ್ಚಿಕ ರಾಶಿ.

ವರ್ಣ ಎರಡೂ ಒಂದೇ, ಪೂರ್ತಿ 1. ತಾರೆ ಎರಡು ಕಡೆಯಿಂದ ಎಣಿಸಿದರೂ ಶುಭ, ಪೂರ್ತಿ 3. ಮೀನಕ್ಕೆ ಗುರು ಅಧಿಪತಿ, ವೃಶ್ಚಿಕಕ್ಕೆ ಕುಜ, ಇಬ್ಬರೂ ಮಿತ್ರರು, ಗ್ರಹಮೈತ್ರಿ ಪೂರ್ತಿ 5. ಎರಡೂ ದೇವಗಣ, ಪೂರ್ತಿ 6. ಒಂದು ಅಂತ್ಯನಾಡಿ, ಇನ್ನೊಂದು ಮಧ್ಯನಾಡಿ, ಬೇರೆ ಬೇರೆ, ಪೂರ್ತಿ 8. ಈ ಐದರಲ್ಲೇ 23 ಆಯ್ತು. ವಶ್ಯ, ಯೋನಿ, ರಾಶಿಕೂಟದಲ್ಲಿ ಒಂದೊಂದು ಕೋಷ್ಟಕ ಒಂದೊಂದು ಥರ ಹೇಳೋದ್ರಿಂದ ಅವನ್ನ ಬಿಟ್ಟೇಬಿಟ್ಟೆ. ಬಿಟ್ಟರೂ 18ರ ಗೆರೆ ಆರಾಮಾಗಿ ದಾಟಿದೆ. ನಮ್ಮೂರಲ್ಲಾಗಿದ್ರೆ 'ಬಾಳ ಚೆನ್ನಾಗಿ ಕೂಡಿದೆ, ತಾಂಬೂಲ ಬದಲಾಯಿಸಿ' ಅಂತಿದ್ರು.

ಮದುವೆ ನಾಲ್ಕು ವರ್ಷ ಚಿಲ್ಲರೆ ನಡೀತು. ವಿಚ್ಛೇದನ ಆದಮೇಲೆ ಇಬ್ಬರೂ ಒಟ್ಟಿಗೇ ಕೂತು ಸುದ್ದಿಗೋಷ್ಠಿ ಮಾಡಿದ್ರು. ಬದುಕೋ ರೀತಿ, ಯೋಚನೆ ಹೊಂದಿಕೆ ಆಗಲಿಲ್ಲ ಅನ್ನೋ ಅರ್ಥದ ಮಾತಾಡಿ, ಗೌರವದಿಂದಲೇ ಬೇರೆ ಆಗ್ತಿದ್ದೀವಿ ಅಂದ್ರು. ಈ ಒಂದು ಜೋಡಿಯಿಂದ ಜ್ಯೋತಿಷ ಸುಳ್ಳು ಅಂತ ತೀರ್ಪು ಕೊಡೋಕಾಗಲ್ಲ. ಹೆಸರುಬಲ ಬೇರೆ, ಜನ್ಮನಕ್ಷತ್ರ ಬೇರೆ ಅಂತ ತಿಳಿದವರು ಹೇಳೇ ಹೇಳ್ತಾರೆ, ಅದೂ ಸರಿನೇ. ಹಾಗೇ, ಎಲ್ಲೋ ಒಂದು ಜೋಡಿಗೆ 30 ಗುಣ ಬಂದು ಸುಖವಾಗಿದ್ರೆ ಅದರಿಂದ ಜ್ಯೋತಿಷ ನಿಜ ಅಂತಲೂ ಆಗಲ್ಲ. ಒಂದು ಉದಾಹರಣೆ ಹಿಡ್ಕೊಂಡು ಎರಡು ಕಡೆಯವರೂ ಕುಣಿಯೋ ಹಾಗಿಲ್ಲ.

ಟಿವಿಯವರಿಗೆ ಜಾತಕ ಯಾಕೆ ಬೇಕು?

ನಮ್ಮ ಬಿಗ್ ಬಾಸ್‌ಗೂ ಜ್ಯೋತಿಷಕ್ಕೂ ನಂಟು ಮೊದಲಿಂದ ಇದೆ. 2013ರ ಮೊದಲ ಸೀಸನ್‌ನಲ್ಲೇ ಬ್ರಹ್ಮಾಂಡ ಗುರೂಜಿ ಅಂತ ಹೆಸರಾದ ನರೇಂದ್ರ ಬಾಬು ಶರ್ಮಾ ಸ್ಪರ್ಧಿ. 2022ರಲ್ಲಿ ಒಟಿಟಿ ಸೀಸನ್‌ಗೂ ಆಮೇಲೆ 9ನೇ ಸೀಸನ್‌ಗೂ ಸಂಖ್ಯಾಶಾಸ್ತ್ರದ ಆರ್ಯವರ್ಧನ್ ಗುರೂಜಿ ಹೋಗಿದ್ರು. ಆ ಸೀಸನ್ ಗೆದ್ದಿದ್ದು ರೂಪೇಶ್ ಶೆಟ್ಟಿ.

ಹೊರಗಡೆ ಇದನ್ನೇ ಪೂರ್ತಿ ಶೋ ಮಾಡಿದವರೂ ಇದ್ದಾರೆ. 2022ರಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ 'ಕಾಸ್ಮಿಕ್ ಲವ್' ಅಂತ ಬಂತು. ಬೆಂಕಿ, ಭೂಮಿ, ಗಾಳಿ, ನೀರು ಅಂತ ರಾಶಿಗಳ ನಾಲ್ಕು ಗುಂಪಿಂದ ನಾಲ್ಕು ಜನರನ್ನ ಇಟ್ಟು, ಅವರ ಜಾತಕಕ್ಕೆ ಹೊಂದೋ ಸಂಗಾತಿ ಹುಡುಕೋ ಆಟ. ಅದಕ್ಕೂ ಮುಂಚೆ 2020ರ ಜುಲೈನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 'ಇಂಡಿಯನ್ ಮ್ಯಾಚ್‌ಮೇಕಿಂಗ್' ಬಂದಿತ್ತು. ಮುಂಬೈನ ಸೀಮಾ ತಪಾರಿಯಾ ಹುಡುಗ ಹುಡುಗಿ ಬಯೋಡೇಟಾ ಹಿಡ್ಕೊಂಡು ಜ್ಯೋತಿಷಿ ಹತ್ರ, ಮುಖ ನೋಡಿ ಭವಿಷ್ಯ ಹೇಳೋರ ಹತ್ರ ಹೋಗ್ತಾರೆ. ಮೊದಲ ಸೀಸನ್‌ನಲ್ಲಿ ಅವರು ಕೂಡಿಸಿದ ಜೋಡಿಗಳು ಯಾವುವೂ ಉಳೀಲಿಲ್ಲ ಅಂತ ಆಗಲೇ ಪತ್ರಿಕೆಗಳು ಬರೆದವು. ಶೋ ಮಾತ್ರ ನಿಲ್ಲಲಿಲ್ಲ, ಮುಂದಿನ ಸೀಸನ್‌ಗಳೂ ಬಂದವು.

ಇನ್ನೂ ಹಿಂದಕ್ಕೆ ಹೋದ್ರೆ 2009ರಲ್ಲಿ ಹಿಂದಿಯಲ್ಲಿ ರಾಖಿ ಸಾವಂತ್ ಸ್ವಯಂವರ. ನಿಶ್ಚಿತಾರ್ಥ ಆಯ್ತು, ಮದುವೆ ಆಗಲಿಲ್ಲ. 2010ರಲ್ಲಿ ರಾಹುಲ್ ಮಹಾಜನ್ ಟಿವಿಯಲ್ಲೇ ಮದುವೆ ಆದ್ರು, 2015ರಲ್ಲಿ ವಿಚ್ಛೇದನ.

ಶೋ ಮಾಡೋರ ಕಷ್ಟನೂ ಅರ್ಥ ಮಾಡ್ಕೋಬೇಕು. ಇಬ್ಬರ ನಡುವೆ ಹೊಂದಾಣಿಕೆ ಅನ್ನೋದು ತಿಂಗಳುಗಟ್ಟಲೆ ನೋಡಿದರೂ ಕಣ್ಣಿಗೆ ಕಾಣೋ ವಸ್ತು ಅಲ್ಲ. ಟಿವಿಗೆ ಒಂದು ಗಂಟೇಲಿ ತೋರಿಸೋಕೆ ಏನಾದ್ರೂ ಬೇಕು. '36ಕ್ಕೆ 11' ಅಂದ ತಕ್ಷಣ ಹುಡುಗಿ ಮುಖ ಬಾಡುತ್ತೆ, ಮ್ಯೂಸಿಕ್ ಬರುತ್ತೆ, ಬ್ರೇಕ್ ಬರುತ್ತೆ. ಕ್ರಿಕೆಟ್ಟಿಗೆ ಸ್ಕೋರ್ ಇದ್ದ ಹಾಗೆ ಪ್ರೀತಿಗೂ ಒಂದು ಸ್ಕೋರ್ ಸಿಕ್ಕಿತು. ಬಿಗ್ ಬಾಸ್ ಮನೇಲಿ ನೂರು ದಿನ ಫೋನ್ ಇಲ್ಲ, ಮನೆಯವರಿಲ್ಲ, ಕೆಲಸ ಇಲ್ಲ, ಬಾಡಿಗೆ ಕಟ್ಟೋ ಚಿಂತೆ ಇಲ್ಲ. ಅಲ್ಲಿ ಹುಟ್ಟಿದ ಸ್ನೇಹ ಸುಳ್ಳು ಅಂತಲ್ಲ. ಆದ್ರೆ ಮದುವೆ ಆದಮೇಲೆ ಬರೋ ಪ್ರಶ್ನೆಗಳು ಆ ಮನೆಯೊಳಗೆ ಬಂದೇ ಇರಲ್ಲ.

ಶೋ ಮುಗಿದ್ರೆ ಅವರಿಗೆ ಸ್ಕೋರ್ ಕೆಲಸ ಮುಗೀತು. ನಮ್ಮಲ್ಲಿ ಅದೇ ಸ್ಕೋರ್ ಮೇಲೆ ಸಂಬಂಧ ಮುರೀತೀವಿ.

ಎಲ್ಲರಿಗೂ ಒಂದಲ್ಲ ಒಂದು ದೋಷ

ಈಗ ದೋಷಗಳ ಲೆಕ್ಕ. ನಾಡಿ ಇರೋದು ಮೂರೇ: ಆದಿ, ಮಧ್ಯ, ಅಂತ್ಯ. ಒಂದೊಂದಕ್ಕೆ 9 ನಕ್ಷತ್ರ. ಯಾವುದೋ ಹುಡುಗ ಯಾವುದೋ ಹುಡುಗಿ ತಗೊಂಡ್ರೂ ಮೂರರಲ್ಲಿ ಒಂದು ಸಲ ನಾಡಿ ಒಂದೇ ಬರುತ್ತೆ. ಆಗ 8ಕ್ಕೆ ಸೊನ್ನೆ.

ರಾಶಿಕೂಟದಲ್ಲಿ ದ್ವಿದ್ವಾದಶ (2-12), ಷಷ್ಟಾಷ್ಟಕ (6-8), ನವಪಂಚಮ (5-9) ಬಂದ್ರೆ ದೋಷ ಅಂತ ಅಷ್ಟಕೂಟದ ಲೆಕ್ಕ. 12 ಸ್ಥಾನದಲ್ಲಿ 6 ಅಲ್ಲಿಗೇ ಹೋಯ್ತು. ಅಂದ್ರೆ ಅರ್ಧಕ್ಕರ್ಧ ಜೋಡಿ ಫೇಲ್.

ಕುಜದೋಷ: ಲಗ್ನದಿಂದ 2, 4, 7, 8, 12ನೇ ಮನೇಲಿ ಕುಜ ಇದ್ರೆ ದೋಷ. 12ರಲ್ಲಿ 5. ಕೆಲವರು 1ನೇ ಮನೆನೂ ಸೇರಿಸ್ತಾರೆ, ಆಗ 12ರಲ್ಲಿ 6. ಕಡಿಮೆ ಲೆಕ್ಕನೇ ಇಟ್ಕೊಂಡ್ರೂ ನೂರು ಜನರಲ್ಲಿ ಸುಮಾರು 42 ಜನಕ್ಕೆ ಕುಜದೋಷ! ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿ ನೂರಕ್ಕೆ ಹತ್ತಿರ ಹತ್ತಿರ 49. ಚಂದ್ರನಿಂದ, ಶುಕ್ರನಿಂದಲೂ ಎಣಿಸಿದ್ರೆ ಇನ್ನೂ ಜಾಸ್ತಿ ಆಗುತ್ತೆ.

ಈಗ ಮೂರೂ ಕಡೆ ಪಾಸಾಗಬೇಕು ಅಂದ್ರೆ? ನಾಡಿಯಲ್ಲಿ ಮೂರರಲ್ಲಿ ಎರಡು ಪಾಲು, ರಾಶಿಯಲ್ಲಿ ಅರ್ಧ, ಕುಜದಲ್ಲಿ ಅರ್ಧಕ್ಕಿಂತ ಚೂರು ಹೆಚ್ಚು. ಮೂರನ್ನೂ ಗುಣಿಸಿದ್ರೆ ನೂರಕ್ಕೆ ಸುಮಾರು 17 ಜೋಡಿ. ಉಳಿದ 83 ಜೋಡಿಗೆ ಒಂದಲ್ಲ ಒಂದು ದೋಷ ಇದ್ದೇ ಇರುತ್ತೆ. ಅದಕ್ಕೇ ಶಾಸ್ತ್ರದಲ್ಲೇ ದೋಷಭಂಗ, ಅಪವಾದ ಅಂತ ಉದ್ದ ಪಟ್ಟಿ ಇದೆ. ರಾಶ್ಯಧಿಪತಿಗಳು ಮಿತ್ರರಾದ್ರೆ ದೋಷ ಇಲ್ಲ, ಇಬ್ಬರಿಗೂ ಕುಜದೋಷ ಇದ್ರೆ ದೋಷ ಇಲ್ಲ, ಹೀಗೆ. ಅನುಭವ ಇರೋ ಪುರೋಹಿತರು ಇದನ್ನೆಲ್ಲ ನೋಡಿ, ಎರಡು ಮನೆ ಮನಸ್ಸೂ ನೋಡಿ 'ನಡೆಯುತ್ತೆ ಮಾಡಿ' ಅಂತಾರೆ. ಬರೀ ಅಂಕ ಕೂಡಿಸಿ ಕೊಡೋ ಆಪ್‌ಗೆ ಮನೆ ಮನಸ್ಸು ಗೊತ್ತಾಗಲ್ಲ. ಕೆಂಪು ಅಕ್ಷರದಲ್ಲಿ 'ದೋಷ' ಅಂತ ಬರೆದು ಬಿಡುತ್ತೆ.

ನಾಡಿ ಅಂದ್ರೆ ಬ್ಲಡ್ ಗ್ರೂಪಾ?

'ನಾಡಿ ಒಂದೇ ಆದ್ರೆ ಮಕ್ಕಳಾಗಲ್ಲ, ಅದು ಬ್ಲಡ್ ಗ್ರೂಪ್ ಇದ್ದ ಹಾಗೆ, ಸೈನ್ಸೇ ಒಪ್ಪಿದೆ' ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಾ ಇರುತ್ತೆ. ಇದು ತಪ್ಪು. ಬ್ಲಡ್ ಗ್ರೂಪ್ ಬರೋದು ಅಪ್ಪ ಅಮ್ಮನಿಂದ. ನಾಡಿ ಬರೋದು ಹುಟ್ಟಿದ ದಿನದ ನಕ್ಷತ್ರದಿಂದ. ಒಂದೇ ಹೊಟ್ಟೇಲಿ ಹುಟ್ಟಿದ ಅಣ್ಣ ತಮ್ಮನಿಗೆ ಒಂದೇ ಬ್ಲಡ್ ಗ್ರೂಪ್ ಇದ್ದು ನಾಡಿ ಬೇರೆ ಇರಬಹುದು.

ಗಂಡ ಹೆಂಡತಿ ಬ್ಲಡ್ ಗ್ರೂಪ್ ಒಂದೇ ಆದ್ರೂ ಮಕ್ಕಳಿಗೆ ತೊಂದರೆ ಏನಿಲ್ಲ. ನೋಡಬೇಕಾದ್ದು ಬೇರೆ. ತಾಯಿ ಆರ್‌ಎಚ್ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ರೆ ಬಸುರಿ ಇದ್ದಾಗಲೇ ಡಾಕ್ಟರಿಗೆ ಹೇಳಬೇಕು, ಆಂಟಿ-ಡಿ ಇಂಜೆಕ್ಷನ್ ಕೊಡ್ತಾರೆ. ಇದಕ್ಕೆ ಮದುವೆ ಮುರಿಯೋ ಅಗತ್ಯ ಇಲ್ಲ. ಹಾಗೇ ಇಬ್ಬರೂ ಥಲಸ್ಸೇಮಿಯಾ ವಾಹಕರಾಗಿದ್ರೆ ಪ್ರತಿ ಮಗುವಿಗೂ ಆ ಕಾಯಿಲೆ ಬರೋ ಸಾಧ್ಯತೆ ನೂರಕ್ಕೆ 25. ಅದು ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಸೋದರಮಾವ, ಅತ್ತೆ ಮಗ ಅಂತ ಹತ್ತಿರದ ಸಂಬಂಧದಲ್ಲಿ ಮದುವೆ ಮಾಡೋರಂತೂ ಮುಂಚೆನೇ ಡಾಕ್ಟರ್ ಹತ್ರ ಮಾತಾಡೋದು ಒಳ್ಳೇದು.

ಯಾರಾದ್ರೂ ಪರೀಕ್ಷೆ ಮಾಡಿ ನೋಡಿದ್ದಾರಾ?

ನೋಡಿದ್ದಾರೆ. 2008ರಲ್ಲಿ ಪುಣೆಯಲ್ಲಿ ಖಗೋಳ ವಿಜ್ಞಾನಿ ಜಯಂತ್ ನಾರ್ಳೀಕರ್, ನರೇಂದ್ರ ದಾಭೋಲ್ಕರ್ ಮತ್ತೆ ಜೊತೆಯವರು ಒಂದು ಪ್ರಯೋಗ ಮಾಡಿದ್ರು. 100 ಜನ ಚುರುಕು ಮಕ್ಕಳ ಜಾತಕ, 100 ಜನ ಬುದ್ಧಿಮಾಂದ್ಯ ಮಕ್ಕಳ ಜಾತಕ ಸಂಗ್ರಹಿಸಿ, ಅದರಲ್ಲಿ 40-40 ಜಾತಕ ಜ್ಯೋತಿಷಿಗಳಿಗೆ ಕೊಟ್ಟು ಯಾವುದು ಯಾರದು ಹೇಳಿ ಅಂದ್ರು. ಉತ್ತರ ಕಳಿಸಿದವರು 27 ಜನ. ಸರಿ ಬಂದಿದ್ದು ಸರಾಸರಿ ನೂರಕ್ಕೆ 46. ನಾಣ್ಯ ಚಿಮ್ಮಿ ಹೇಳಿದ್ರೆ 50 ಬರಬೇಕಿತ್ತು.

ಮದುವೆ ಬಗ್ಗೆನೇ ಬೇಕು ಅಂದ್ರೆ ಇಂಗ್ಲೆಂಡಿನ ಉದಾಹರಣೆ ಇದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಡೇವಿಡ್ ವೋಸ್ 2001ರ ಜನಗಣತಿಯ ಸುಮಾರು 1 ಕೋಟಿ ದಂಪತಿಗಳ ಹುಟ್ಟಿದ ದಿನ ತಗೊಂಡು, 2007ರಲ್ಲಿ ವರದಿ ಕೊಟ್ಟರು. ಇಂಥ ರಾಶಿಯವರು ಇಂಥ ರಾಶಿಯವರನ್ನ ಹೆಚ್ಚಾಗಿ ಮದುವೆ ಆಗ್ತಾರೆ ಅನ್ನೋಕೆ ಏನೂ ಸಿಗಲಿಲ್ಲ. ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು: ಅವರದು ಸೂರ್ಯರಾಶಿ ಲೆಕ್ಕ, ನಮ್ಮ ಸಾಲಾವಳಿ ಚಂದ್ರನ ಲೆಕ್ಕ. ಎರಡೂ ಒಂದೇ ಅಲ್ಲ. ಆದ್ರೆ ಟಿವಿಯಲ್ಲಿ, ಮೊಬೈಲಲ್ಲಿ ಬರೀ ಹುಟ್ಟಿದ ತಾರೀಖು ಹಿಡ್ಕೊಂಡು 'ಮೇಷಕ್ಕೂ ತುಲಾಗೂ ಆಗುತ್ತೆ' ಅನ್ನೋರದು ಅವರ ಲೆಕ್ಕವೇ.

ದುಡ್ಡಿನ ವಿಷಯ ಹುಷಾರು

ಜ್ಯೋತಿಷ ಹೇಳೋದು ಕೇಳೋದು ಕಾನೂನಿಗೆ ವಿರುದ್ಧ ಅಲ್ಲ. 2020ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯದ ಮೌಢ್ಯ ಪ್ರತಿಬಂಧಕ ಕಾಯ್ದೆ ಜ್ಯೋತಿಷ, ವಾಸ್ತು ಸಲಹೆಯನ್ನ ಹೊರಗಿಟ್ಟಿದೆ. ಹಾಗಂತ 'ದೋಷ ಇದೆ, ಈಗಲೇ ಇಷ್ಟು ಸಾವಿರ ಫೋನ್‌ಪೇ ಮಾಡಿ, ಇಲ್ಲಾಂದ್ರೆ ಗಂಡನ ಪ್ರಾಣಕ್ಕೆ ಅಪಾಯ' ಅಂತ ಹೆದರಿಸೋರಿಗೆ ದುಡ್ಡು ಹಾಕಬೇಕಿಲ್ಲ. ಆನ್‌ಲೈನ್‌ನಲ್ಲಿ ಮೋಸ ಹೋಗಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಮನಸ್ಸಿಗೆ ಸಮಾಧಾನ ಬೇಕು, ಪೂಜೆ ಮಾಡಿಸಬೇಕು ಅನ್ನೋರಿಗೆ ನಮ್ಮ ತಾಲ್ಲೂಕಲ್ಲೇ ಘಾಟಿ ಸುಬ್ರಹ್ಮಣ್ಯ ಇದೆ. ಮುಜರಾಯಿ ದೇವಸ್ಥಾನ, ಸೇವೆಗೆ ರಸೀದಿ ಇರುತ್ತೆ. ಮುಖ ನೋಡದವರಿಗೆ ಸಾವಿರಾರು ಕಳಿಸೋದಕ್ಕಿಂತ ಬಸ್ ಹತ್ತಿ ಹೋಗಿ ಕೈಮುಗಿದು ಬರೋದು ಮೇಲು.

ಸಾಲಾವಳಿ ಜೊತೆ ಇವನ್ನೂ ಕೇಳಿ

ಜಾತಕ ನೋಡಬೇಡಿ ಅಂತ ಹೇಳೋ ಅಧಿಕಾರ ನನಗಿಲ್ಲ. ನಮ್ಮ ಮನೇಲೂ ನೋಡ್ತಾರೆ. ನೋಡೋದಾದ್ರೆ ಹೀಗೆ ಮಾಡಿ:

1. ಹುಟ್ಟಿದ ಸಮಯ ಆಸ್ಪತ್ರೆ ದಾಖಲೆಯಿಂದಲೇ ತಗೊಳ್ಳಿ. ನೆನಪಿನ ಮೇಲೆ ಬೇಡ.

2. ಸ್ಕೋರ್ ಕಡಿಮೆ ಬಂದ್ರೆ ಯಾವ ಕೂಟದಲ್ಲಿ ಹೋಯ್ತು, ಅದಕ್ಕೆ ಅಪವಾದ ಇದೆಯಾ ಅಂತ ಕೇಳಿ. ಬರೀ ಒಟ್ಟು ನಂಬರ್ ಕೇಳಿ ಎದ್ದು ಬರಬೇಡಿ.

3. ಸ್ಕೋರ್ ಚೆನ್ನಾಗಿ ಬಂತು ಅಂತ ವಿಚಾರಣೆ ಬಿಡಬೇಡಿ. ಕೆಲಸ, ಸಾಲ, ಕುಡಿತ, ಹಿಂದೆ ಮದುವೆ ಏನಾದ್ರೂ ಆಗಿದೆಯಾ, ಊರಲ್ಲಿ ನಾಲ್ಕು ಜನರನ್ನ ಕೇಳಿ. 30 ಗುಣ ಬಂದಿದೆ ಅಂತ ಕಣ್ಣುಮುಚ್ಚಿ ಕೊಟ್ಟ ಮನೆಗಳೂ ನಮ್ಮಲ್ಲಿವೆ.

4. ಹುಡುಗ ಹುಡುಗಿ ಇಬ್ಬರನ್ನೇ ಬಿಟ್ಟು ಮಾತಾಡೋಕೆ ಬಿಡಿ. ಮದುವೆ ಆದಮೇಲೆ ಎಲ್ಲಿ ಇರೋದು, ಅವಳು ಕೆಲಸಕ್ಕೆ ಹೋಗೋದಾ, ಸಂಬಳ ಯಾರ ಕೈಗೆ, ಇದೆಲ್ಲ ಮೊದಲೇ ಆಗಲಿ.

5. ಇಬ್ಬರೂ ಒಂದು ರಕ್ತಪರೀಕ್ಷೆ ಮಾಡಿಸಿ.

6. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಮದುವೆ ಆದಮೇಲೆ ಉಪನೋಂದಣಾಧಿಕಾರಿ ಕಚೇರೀಲಿ ನೋಂದಣಿ ಮಾಡಿಸಿ.

ಈ ವರದಿ ಬರೆಯೋ ಮುಂಚೆ ಅಕ್ಕನಿಗೆ ಹೇಳಿದೆ, ಹೆಸರು ಹಾಕಲ್ಲ ಅಂತ. 'ಹಾಕಿದ್ರೆ ಹಾಕೋ, ಏನಾಯ್ತು' ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: 'ಎರಡು ಸಲ ಬಂದು ಹೋದ್ರಲ್ಲ ಅವರಮ್ಮ, ನನ್ನ ಕೇಳಿದ್ದು ಒಂದೇ ಪ್ರಶ್ನೆ ಕಣೋ. ಎಷ್ಟು ಗಂಟೆಗೆ ಹುಟ್ಟಿದ್ದಮ್ಮ ಅಂತ.'